ಒಂದು ಮತದ ಎಣಿಕೆ

ಮತ ನೀಡುವುದು ಎಷ್ಟು ಮುಖ್ಯವೋ, ನೀಡಿದ ಮತವನ್ನು ತಪ್ಪಿಲ್ಲದೆ ಎಣಿಸುವುದೂ ಅಷ್ಟೇ ಮುಖ್ಯವಾದುದು. ಗೆದ್ದವರಿಗೂ ಸೋತವರಿಗೂ ನಡುವೆ ಹತ್ತಾರು ಸಾವಿರ ಮತಗಳಿದ್ದರೆ ಎಣಿಕೆಯ ಸಣ್ಣ ದೋಷದಿಂದ ಫಲಿತಾಂಶವು ಬದಲಾಗದು. ಆದರೆ ಅಂತರವು ಕಿರಿದಾದಂತೆಲ್ಲ ದೋಷದ ಪರಿಣಾಮವು ಹಿರಿದಾಗುತ್ತದೆ.

ನಮ್ಮ ಹೈದರಾಬಾದಿನ ಯಾಕುತ್‌ಪುರ ವಿಧಾನಸಭಾ ಕ್ಷೇತ್ರದಲ್ಲಿ 2023ರಲ್ಲಿ ಅಂತರವು 878 ಮತಗಳಾಗಿದ್ದಿತು. ಅಂದಿನ ಅವಿಭಜಿತ ಆಂಧ್ರಪ್ರದೇಶದ ಅನಕಾಪಲ್ಲಿ ಲೋಕಸಭಾ ಕ್ಷೇತ್ರದಲ್ಲಿ 1989ರಲ್ಲಿ ಕೊನತಾಲ ರಾಮಕೃಷ್ಣ ಅವರು ಕೇವಲ 9 ಮತಗಳಿಂದ ಗೆದ್ದರು. ಕರ್ನಾಟಕದ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದುವು. ಅಂತರವು ಒಂದೇ ಮತ!

ವಿದ್ಯಾರ್ಥಿಗಳೇ, 354 ಎಂಬ ಸಂಖ್ಯೆಯನ್ನು ಅವಸರದಲ್ಲಿ 345 ಎಂದು ಬರೆದರೆ ಎಷ್ಟು ಮತಗಳು ಕಳೆದುಹೋಗುತ್ತವೆ? ಒಂಬತ್ತು. ಅನಕಾಪಲ್ಲಿಯಲ್ಲಿ ಇಂತಹ ತಪ್ಪು ನಡೆಯಿತೆಂದು ಇದರ ಅರ್ಥವಲ್ಲ; ಎರಡು ಅಂಕೆಗಳ ಅದಲುಬದಲಿಗೆ ಇರುವ ಶಕ್ತಿಯನ್ನು ಇದು ತೋರಿಸುತ್ತದೆ.

ಆದುದರಿಂದಲೇ ಒಂದು ಲೆಕ್ಕವನ್ನು ಇನ್ನೊಂದರೊಡನೆ ತಾಳೆ ನೋಡುವ ಕ್ರಮವಿದೆ. ಮತದಾನವು ಮುಗಿದೊಡನೆ ಪ್ರತಿ ಮತಗಟ್ಟೆಯಲ್ಲಿಯೂ ಚಲಾವಣೆಯಾದ ಮತಗಳ ಮೊತ್ತವನ್ನು ಬರೆದು, ಅದರ ಪ್ರತಿಯನ್ನು ಅಭ್ಯರ್ಥಿಗಳ ಏಜೆಂಟರಿಗೆ ಕೊಡುತ್ತಾರೆ. ಎಣಿಕೆಯ ದಿನ ಯಂತ್ರವು ತೋರಿಸುವ ಮೊತ್ತವು ಅದಕ್ಕೆ ಸರಿಹೊಂದಬೇಕು. 2019ರ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ 5 ಮತಗಟ್ಟೆಗಳ ಮುದ್ರಿತ ಚೀಟಿಗಳನ್ನೂ ಎಣಿಸಿ ಹೋಲಿಸುತ್ತಾರೆ.

ಆದರೆ ಕಷ್ಟವು ಕೂಡುವುದರಲ್ಲಿ ಮಾತ್ರವಿಲ್ಲ. ಯಾವುದು ಸಿಂಧುವಾದ ಮತ ಎಂದು ನಿರ್ಧರಿಸುವುದರಲ್ಲಿಯೂ ಇದೆ. ಅಂಚೆಯ ಮತಪತ್ರದೊಡನೆ ಇರಬೇಕಾದ ಘೋಷಣೆಗೆ ಸಹಿಯಿಲ್ಲದಿದ್ದರೆ ಆ ಮತವು ತಿರಸ್ಕೃತವಾಗುತ್ತದೆ. ಬೆಂಗಳೂರಿನ ಜಯನಗರದಲ್ಲಿ 2023ರಲ್ಲಿ ತಿರಸ್ಕೃತವಾದ ಅಂಚೆ ಮತಗಳ ಮರುಪರಿಶೀಲನೆಯು ರಾತ್ರಿಯವರೆಗೆ ನಡೆಯಿತು. ಕಡೆಗೆ ಸಿ. ಕೆ. ರಾಮಮೂರ್ತಿ ಅವರು 16 ಮತಗಳಿಂದ ಗೆದ್ದರೆಂದು ಘೋಷಿಸಲಾಯಿತು.

ಫಲಿತಾಂಶದ ಘೋಷಣೆಗೆ ಮುನ್ನ ಅಭ್ಯರ್ಥಿಯು ಕಾರಣವನ್ನು ಬರೆದು ಮರುಎಣಿಕೆಯನ್ನು ಬೇಡಬಹುದು. ಚುನಾವಣಾಧಿಕಾರಿಯು ಅದನ್ನು ನಿರಾಕರಿಸುವುದಾದರೆ ತಾನೂ ಕಾರಣವನ್ನು ಬರೆಯತಕ್ಕದ್ದು. ಘೋಷಣೆಯಾದ ಮೇಲೆ ಉಳಿಯುವ ದಾರಿ ಉಚ್ಚ ನ್ಯಾಯಾಲಯವೊಂದೇ. ಮತಗಳು ಸಮನಾದರೆ 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯಂತೆ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಸಂತೇಮರಹಳ್ಳಿಯಲ್ಲಿ ಸೋತವರಿಗೆ ಇನ್ನೊಂದು ಮತ ಬಂದಿದ್ದರೆ ಚೀಟಿಯೇ ಶಾಸಕರನ್ನು ಆರಿಸುತ್ತಿದ್ದಿತು.

ಸೋತವನೂ ಒಪ್ಪಿಕೊಳ್ಳುವಂತಹ ಎಣಿಕೆಯೇ ನಿಜವಾದ ಎಣಿಕೆ. ಎಲ್ಲರ ಕಣ್ಣೆದುರಿನಲ್ಲಿ, ತಾಳ್ಮೆಯಿಂದ, ಮತ್ತೊಮ್ಮೆ ತಾಳೆ ನೋಡಿ ಮಾಡಿದ ಲೆಕ್ಕಕ್ಕೆ ಮಾತ್ರ ಆ ಗೌರವವು ಸಲ್ಲುತ್ತದೆ.