ಟೀಲ್ ಬಣ್ಣದ ಗೃಹಾಲಂಕಾರ: ಬಣ್ಣದ ವರ್ತಕರು ಅರಿಯಬೇಕಾದ ಅಂಶಗಳು

ನೀಲಿ ಮತ್ತು ಹಸಿರುಗಳ ನಡುವಣ ಗಾಢ ವರ್ಣಕ್ಕೆ ಬಣ್ಣದ ಮಾರುಕಟ್ಟೆಯಲ್ಲಿ 'ಟೀಲ್' ಎಂದು ಹೆಸರು. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ವಲಸೆ ಬರುವ ಟೀಲ್ ಎಂಬ ಚಿಕ್ಕ ಬಾತುಕೋಳಿಯ ಕಣ್ಣಿನ ಬಳಿಯ ಪಟ್ಟೆಯಿಂದ ಈ ಹೆಸರು ಬಂದಿದೆ. ಮನೆಯ ಒಳಗೋಡೆಗಳಿಗೆ ಈ ವರ್ಣವನ್ನು ಕೇಳಿ ಬರುವ ಗ್ರಾಹಕರಿದ್ದಾರೆ. ಆದರೆ ಯಂತ್ರದಲ್ಲಿ ಒಮ್ಮೆ ಬೆರೆಸಿದ ಬಣ್ಣವನ್ನು ಇನ್ನೊಬ್ಬರಿಗೆ ಮಾರುವುದು ಕಷ್ಟ. ಆದಕಾರಣ ಮಾರಾಟಕ್ಕೆ ಮುನ್ನವೇ ಇದರ ಗುಣಗಳನ್ನು ವಿವರಿಸುವುದು ವರ್ತಕರ ಹಿತಕ್ಕೆ ಅವಶ್ಯಕ.

ಹಿಂದೆ ಬಳಕೆಯಲ್ಲಿದ್ದ ಪ್ರಷ್ಯನ್ ನೀಲಿಯು ಸುಣ್ಣದ ಕ್ಷಾರಕ್ಕೆ ತಾಳದೆ ಗೋಡೆಯ ಮೇಲೆ ಬಣ್ಣಗೆಡುತ್ತಿತ್ತು. 1935ರಲ್ಲಿ ಥ್ಯಾಲೋಸಯನೀನ್ ನೀಲಿ, ತರುವಾಯ ಅದೇ ವರ್ಗದ ಹಸಿರು ಮಾರುಕಟ್ಟೆಗೆ ಬಂದವು. ಬೆಳಕಿಗೂ ಕ್ಷಾರಕ್ಕೂ ಬಗ್ಗದ ಈ ವರ್ಣದ್ರವ್ಯಗಳಿಂದಾಗಿ ಇಂತಹ ಗಾಢ ಛಾಯೆಗಳು ಗೋಡೆಯ ಮೇಲೆ ಬಾಳತೊಡಗಿದವು.

ಗ್ರಾಹಕರ ದೂರುಗಳಿಗೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ಬೆಳಕು. 2700 ಕೆಲ್ವಿನ್‌ನ ಹಳದಿ ದೀಪದಡಿ ಟೀಲ್ ಹಸಿರಿನತ್ತ ವಾಲುತ್ತದೆ. 6500 ಕೆಲ್ವಿನ್‌ನ ಬಿಳಿ ದೀಪದಡಿ ನೀಲಿಯಾಗಿ ತೋರುತ್ತದೆ. ಅಂಗಡಿಯ ಬಿಳಿ ಬೆಳಕಿನಲ್ಲಿ ಮೆಚ್ಚಿದ ಛಾಯೆ ಮನೆಯಲ್ಲಿ ಬೇರೆಯಾಗಿ ಕಾಣುವುದು ಇದರಿಂದಲೇ.

ಎರಡನೆಯದು ಬಣ್ಣದ ಮರೆಮಾಡುವ ಶಕ್ತಿ. ತಿಳಿ ಬಣ್ಣಗಳ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಧಾರಾಳವಾಗಿರುತ್ತದೆ. ಗಾಢ ಟೀಲ್‌ಗೆ ಬಳಸುವ ಬೇಸ್‌ನಲ್ಲಿ ಅದು ಅತ್ಯಲ್ಪ. ಆದ್ದರಿಂದ ಎರಡು ಲೇಪಗಳ ನಂತರವೂ ಹಳೆಯ ಗೋಡೆ ಇಣುಕಬಹುದು.

ಇದರ ಪರಿಣಾಮ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ. 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆಯ ವಿಸ್ತೀರ್ಣ 120 ಚದರಡಿ. 7 ಅಡಿ ಎತ್ತರ, 3 ಅಡಿ ಅಗಲದ ಬಾಗಿಲಿಗೆ 21 ಚದರಡಿ ಕಳೆದರೆ ಉಳಿಯುವುದು 99. ಡಬ್ಬಿಯ ಮೇಲೆ ಎರಡು ಲೇಪಕ್ಕೆ ಲೀಟರಿಗೆ 110 ಚದರಡಿ ಎಂದಿದ್ದರೆ 1 ಲೀಟರ್ ಸಾಕೆಂದು ತೋರುತ್ತದೆ. ಮೂರನೆಯ ಲೇಪ ಬೇಕಾದಲ್ಲಿ ಸುಮಾರು 1.35 ಲೀಟರ್ ಬೇಕಾಗುತ್ತದೆ. ಎರಡನೆಯ ಬಾರಿ ಬೆರೆಸಿದ ಡಬ್ಬಿಯ ಛಾಯೆ ಕೂದಲೆಳೆಯಷ್ಟು ಬೇರೆಯಾದರೂ ಅದೇ ಗೋಡೆಯ ಮೇಲೆ ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೆ ಪರಿಹಾರಗಳು ಸರಳವಾಗಿವೆ:

1. ಸಣ್ಣ ಮಾದರಿ ಡಬ್ಬಿಯನ್ನು ಮೊದಲು ಮಾರಿ, 2 ಅಡಿ ಚೌಕದ ಹಲಗೆಗೆ ಬಳಿದು ಒಣಗಿಸಿ, ಹಗಲಿನಲ್ಲಿಯೂ ರಾತ್ರಿ ಮನೆಯ ದೀಪದಲ್ಲಿಯೂ ನೋಡಲು ಗ್ರಾಹಕರಿಗೆ ತಿಳಿಸಬೇಕು.

2. ಬಿಳಿ ಪ್ರೈಮರ್‌ಗೆ ಬದಲಾಗಿ ಬೂದುಬಣ್ಣದ ಪ್ರೈಮರ್ ಸೂಚಿಸಿದರೆ ಲೇಪಗಳ ಸಂಖ್ಯೆ ತಗ್ಗುತ್ತದೆ.

3. ಒಂದು ಗೋಡೆಗೆ ಬೇಕಾದಷ್ಟನ್ನೂ ಒಂದೇ ಬಾರಿಗೆ ಬೆರೆಸಬೇಕು. ಡಬ್ಬಿಗಳು ಹಲವಾದರೆ ದೊಡ್ಡ ಪಾತ್ರೆಯಲ್ಲಿ ಕಲಸಿ ಬಳಸಲು ಪೇಂಟರ್‌ಗೆ ಹೇಳಬೇಕು.

4. ಗಾಢ ಟೀಲ್ ಬೆಳಕನ್ನು ಹೀರುತ್ತದೆ. ಚಿಕ್ಕ ಕೋಣೆಯಲ್ಲಿ ಒಂದು ಗೋಡೆಗೆ ಮಾತ್ರ ಇದನ್ನು ಬಳಸಿ, ಉಳಿದವಕ್ಕೆ ಕೆನೆ ಬಿಳಿ ಬಳಿಯುವುದು ಲೇಸು.

5. ಟೀಲ್‌ಗೆ ಎದುರು ವರ್ಣ ಕಿತ್ತಳೆಗೆಂಪು. ಹಾಗಾಗಿ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಹಿತ್ತಾಳೆಯ ದೀಪಗಳೊಡನೆ ಇದು ಚೆನ್ನಾಗಿ ಒಪ್ಪುತ್ತದೆ.

ಮಾದರಿ ಡಬ್ಬಿಯ ಲಾಭ ಚಿಕ್ಕದು. ಆದರೆ ಗೋಡೆ ಮುಗಿದ ಮೇಲೆ ಏಳುವ ತಕರಾರಿನಲ್ಲಿ ವರ್ತಕರು ಬಣ್ಣದ ಬೆಲೆಯನ್ನೂ ಗ್ರಾಹಕರು ಕೂಲಿಯನ್ನೂ ಕಳೆದುಕೊಳ್ಳುತ್ತಾರೆ. ಅದನ್ನು ತಪ್ಪಿಸುವ ಅಗ್ಗದ ಉಪಾಯ ಆ ಡಬ್ಬಿಯೇ ಆಗಿದೆ.