ಪರದೆಯಾಚೆಯ ಉಪವಾಸ

ಇಫ್ತಾರಿನ ಹೊತ್ತು. ಕಾಪು, ಕಾರ್ಕಳ, ಉಡುಪಿಯ ಎಷ್ಟೋ ಮನೆಗಳಲ್ಲಿ ತಿನಿಸುಗಳ ನಡುವೆ ಒಂದು ಮೊಬೈಲನ್ನೂ ಒರಗಿಸಿಡಲಾಗುತ್ತದೆ. ಪರದೆಯಲ್ಲಿ ದುಬೈಯಲ್ಲಿರುವ ತಂದೆ. ಬಾಂಗ್ ಕೇಳಿ ಮಕ್ಕಳು ಖರ್ಜೂರ ಬಾಯಿಗಿಡುತ್ತಾರೆ. ತಂದೆ ನಗುತ್ತಾರೆ, ಆದರೆ ಏನನ್ನೂ ಮುಟ್ಟುವುದಿಲ್ಲ. ಅಲ್ಲಿನ ಗಡಿಯಾರ ಒಂದೂವರೆ ಗಂಟೆ ಹಿಂದಿದೆ, ಅಲ್ಲಿ ಸೂರ್ಯನಿನ್ನೂ ಮುಳುಗಿಲ್ಲ.

ಪರದೆಯು ಎರಡು ಕೋಣೆಗಳನ್ನು ಒಂದಾಗಿಸಿತು, ಎರಡು ಸೂರ್ಯಾಸ್ತಗಳನ್ನಲ್ಲ. ದೇಹವಿರುವಲ್ಲಿಯೇ ಕರ್ತವ್ಯವೂ ಇದೆ.

2021ರ ಡಿಸೆಂಬರಿನಲ್ಲಿ ಸೌದಿ ಅರೇಬಿಯವು ಹಜರುಲ್ ಅಸ್ವದನ್ನು ಕನ್ನಡಕದಂಥ ಸಾಧನದ ಮೂಲಕ ಕಾಣುವ ಯೋಜನೆಯನ್ನು ಆರಂಭಿಸಿತು. ಇಂಥ ಸಂದರ್ಶನವು ನಿಜವಾದ ಹಜ್ಜ್ ಆಗದೆಂದು 2022ರಲ್ಲಿ ತುರ್ಕಿಯ ಧಾರ್ಮಿಕ ಇಲಾಖೆ ಸ್ಪಷ್ಟಪಡಿಸಿತು. ಹಾಗಾದರೆ ಅದು ವ್ಯರ್ಥವೇ? ಅಲ್ಲ. ಮಣಿಪಾಲದ ವೈದ್ಯ ವಿದ್ಯಾರ್ಥಿಗಳು ಗೊಂಬೆಯ ಮೇಲೆ ಕೈ ಪಳಗಿಸುತ್ತಾರೆ. ಅದು ಉಪಯುಕ್ತ ಕಲಿಕೆ. ಆದರೆ ಗೊಂಬೆಗೆ ನೋವಿಲ್ಲ, ನೋವು ರೋಗಿಗೆ. ಕಲಿಕೆಯ ಸಾರ್ಥಕತೆ ರೋಗಿಯ ಮುಂದೆಯೇ.

ಹಿಂದೆ ಗಲ್ಫಿನಿಂದ ಧ್ವನಿ ತುಂಬಿದ ಕ್ಯಾಸೆಟ್ ಬರುತ್ತಿತ್ತು. ಮನೆಮಂದಿಯೆಲ್ಲ ಸುತ್ತ ಕುಳಿತು ಕೇಳುತ್ತಿದ್ದರು. ಇಂದು ತಂದೆಯ ಮುಖವೇ ಕಾಣುತ್ತದೆ. ಇದು ಅಲ್ಲಾಹನ ದೊಡ್ಡ ಅನುಗ್ರಹ. ಆದರೆ ಕರೆ ಮುಗಿದ ಮೇಲೂ ಕಣ್ಣು ಪರದೆಯಲ್ಲೇ ನೆಟ್ಟಿದ್ದರೆ, ಪಕ್ಕದಲ್ಲಿ ಕುಳಿತ ಅಜ್ಜಿಯೇ ಪರದೇಶಿಯಾಗುತ್ತಾಳೆ. ದೂರದವರನ್ನು ಹತ್ತಿರ ತಂದ ಸಾಧನ ಹತ್ತಿರದವರನ್ನು ದೂರ ತಳ್ಳಬಾರದು. ಕುಟುಂಬ ಸಂಬಂಧ ಜೋಡಿಸುವುದೆಂದರೆ ಇಬ್ಬರ ಹಕ್ಕನ್ನೂ ಸಲ್ಲಿಸುವುದು.

ಪೋಷಕರೇ, ನಾಳೆ ಒಂದು ಕೆಲಸ ಮಾಡಿರಿ. ಮಕ್ಕಳೊಡನೆ ತಂದೆಗೆ ಸಲಾಮ್ ಹೇಳಿಸಿ, ಅವರ ಉಪವಾಸ ಇನ್ನೂ ಮುಗಿದಿಲ್ಲವೆಂದು ನೆನಪಿಸಿ, ದುಆ ಮಾಡಿಸಿರಿ. ಬಳಿಕ ಮೊಬೈಲನ್ನು ಬದಿಗಿಟ್ಟು, ಮೊದಲ ಲೋಟ ಪಾನಕವನ್ನು ಅಜ್ಜಿಯ ಕೈಗೆ ಕೊಡಿಸಿರಿ.