ಅಂಟದ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಸುವ ಕರೋನಾ



ಮನೆಯ ಪ್ಲಾಸ್ಟಿಕ್ ಬಿಂದಿಗೆ ಸೀಳಿದರೆ ಏನು ಮಾಡುತ್ತೀರಿ? ಗೋಂದು ಹಚ್ಚಿ ನೋಡಿದವರಿಗೆ ಗೊತ್ತು, ಒಣಗಿದ ಮೇಲೆ ಅದು ಸಿಪ್ಪೆಯಂತೆ ಎದ್ದು ಬರುತ್ತದೆ. ಶಿರಾ, ಪಾವಗಡ ಕಡೆಯ ಬೇಸಿಗೆಯಲ್ಲಿ ಬಿಂದಿಗೆ ಸೋರಿದರೆ ಸಣ್ಣ ನಷ್ಟವಲ್ಲ. ಆದರೂ ಊರಿಗೆ ಬರುವ ಬಿಂದಿಗೆ ರಿಪೇರಿಯವರು ಗೋಂದಿನ ಗೋಜಿಗೇ ಹೋಗುವುದಿಲ್ಲ. ಕಬ್ಬಿಣ ಕಾಯಿಸಿ, ಬಿರುಕಿನ ಅಂಚನ್ನು ಕರಗಿಸಿ ಬೆಸೆಯುತ್ತಾರೆ. ಕಾಗದವನ್ನೂ ಮರವನ್ನೂ ಗಟ್ಟಿಯಾಗಿ ಹಿಡಿಯುವ ಗೋಂದು ಬಿಂದಿಗೆಯನ್ನು ಮಾತ್ರ ಏಕೆ ಹಿಡಿಯದು?

ಈಗ ಹಾಲಿನ ಪ್ಯಾಕೆಟ್ ನೋಡಿ. ನಿಮ್ಮ ಊರಿನ ಡೇರಿಗೆ ಹಾಕಿದ ಹಾಲು ತುಮಕೂರಿನ ಹತ್ತಿರದ ಮಲ್ಲಸಂದ್ರದ ಡೇರಿಗೆ ಹೋಗಿ, ಪ್ಯಾಕೆಟ್ಟಾಗಿ ಮಧುಗಿರಿ, ಕೊರಟಗೆರೆಯ ಅಂಗಡಿಗಳಿಗೆ ಮರಳುತ್ತದೆ. ಈ ಪ್ಯಾಕೆಟ್ ಪಾಲಿಥೀನ್ ಹಾಳೆಯದು, ಅಂದರೆ ಬಿಂದಿಗೆಯ ಪ್ಲಾಸ್ಟಿಕ್ಕಿನ ನಂಟನೇ. ಆದರೆ ಅದರ ಮೇಲಿನ ಬಣ್ಣ, ಹೆಸರು, ಬೆಲೆ ತಣ್ಣೀರಿನಲ್ಲಿ ಇಟ್ಟರೂ ಅಳಿಸುವುದಿಲ್ಲ. ಗೋಂದು ನಿಲ್ಲದ ಕಡೆ ಶಾಯಿ ಹೇಗೆ ನಿಂತಿತು?

ಯಾವುದೇ ದ್ರವ ಅಂಟಬೇಕಾದರೆ ಮೊದಲು ಅದು ಹರಡಬೇಕು. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತದೆ, ತೊಳೆದ ಗಾಜಿನ ಮೇಲೆ ತೆಳ್ಳಗೆ ಹರಡುತ್ತದೆ. ನೀರಿನ ಕಣಗಳಿಗೆ ತಮ್ಮತಮ್ಮಲ್ಲೇ ಸೆಳೆತ ಹೆಚ್ಚು. ಮೇಲ್ಮೈಯ ಸೆಳೆತ ಅದಕ್ಕೆ ಪೈಪೋಟಿ ಕೊಟ್ಟರೆ ಮಾತ್ರ ನೀರು ಹರಡುತ್ತದೆ. ವಿಜ್ಞಾನಿಗಳು ಈ ಸೆಳೆತವನ್ನು ಸೆಂಟಿಮೀಟರಿಗೆ ಇಷ್ಟು ಡೈನ್ ಎಂದು ಅಳೆಯುತ್ತಾರೆ. ನೀರಿನದು ಸುಮಾರು 72, ಪಾಲಿಥೀನಿನದು ಸುಮಾರು 31 ಮಾತ್ರ. ಪಾಲಿಥೀನಿನಲ್ಲಿ ಇರುವುದು ಕಾರ್ಬನ್ ಮತ್ತು ಹೈಡ್ರೋಜನ್ ಅಷ್ಟೇ. ಶಾಯಿಯನ್ನು ಕೈಹಿಡಿದು ನಿಲ್ಲಿಸಿಕೊಳ್ಳುವಂಥದ್ದು ಅದರ ಮೈಮೇಲೆ ಏನೂ ಇಲ್ಲ. ಶಾಯಿ ಚೆನ್ನಾಗಿ ಹಿಡಿಯಲು ಈ ಅಂಕಿ 38 ಅಥವಾ ಅದಕ್ಕಿಂತ ಹೆಚ್ಚಿರಬೇಕು.

ಈ ಕೊರತೆ ತುಂಬುವ ಉಪಾಯವನ್ನು 1951ರಲ್ಲಿ ಡೆನ್ಮಾರ್ಕಿನ ಎಂಜಿನಿಯರ್ ವರ್ನರ್ ಐಸ್ಬಿ ಕಂಡುಹಿಡಿದರು. ಅದರ ಹೆಸರು ಕರೋನಾ ಸಂಸ್ಕರಣೆ. ಹೆಸರು ಕೇಳಿ ಬೆಚ್ಚಬೇಡಿ! ಲ್ಯಾಟಿನ್ನಿನಲ್ಲಿ ಕರೋನಾ ಎಂದರೆ ಕಿರೀಟ. 2020ರಲ್ಲಿ ನಿಮ್ಮ ಅಕ್ಕ ಅಣ್ಣಂದಿರ ಶಾಲೆ ಮುಚ್ಚಿಸಿದ ವೈರಸ್ಸಿಗೆ ಆ ಹೆಸರು ಬಂದದ್ದು ಅದರ ಮೈಸುತ್ತ ಕಿರೀಟದಂತೆ ಮುಳ್ಳುಗಳಿದ್ದ ಕಾರಣ. ಇಲ್ಲಿಯದು ವಿದ್ಯುತ್ತಿನ ಕಿರೀಟ. ಪಾವಗಡದ ತಿರುಮಣಿ ಸೌರ ಪಾರ್ಕಿನಿಂದ ಹೊರಡುವಂಥ ಭಾರಿ ವೋಲ್ಟೇಜಿನ ತಂತಿಗಳ ಕಡೆಯಿಂದ ತುಂತುರು ಮಳೆಯಲ್ಲಿ ‘ಜುಯ್’ ಎಂಬ ಸದ್ದು ಕೇಳಿಬರುತ್ತದಲ್ಲ, ಅದು ಕರೋನಾದ ಸದ್ದು. ತಂತಿಯ ಸುತ್ತಲಿನ ಗಾಳಿಯ ಕಣಗಳು ವಿದ್ಯುತ್ತಿಗೆ ಸಿಕ್ಕಿ ಒಡೆಯುತ್ತಿರುತ್ತವೆ. (ದೂರದಿಂದಲೇ ಕೇಳಿ. ಕಂಬದ ಹತ್ತಿರ ಸುಳಿಯಬೇಡಿ.)

ಕಾರ್ಖಾನೆಯಲ್ಲಿ ಇದನ್ನೇ ಬೇಕೆಂದು ಮಾಡುತ್ತಾರೆ. ಪ್ಲಾಸ್ಟಿಕ್ ಹಾಳೆ ಒಂದು ಉರುಳೆಯ ಮೇಲೆ ಸರಸರನೆ ಓಡುತ್ತದೆ. ಅದಕ್ಕೆ ಒಂದೆರಡು ಮಿಲಿಮೀಟರ್ ಮೇಲೆ ಲೋಹದ ಪಟ್ಟಿ. ಪಟ್ಟಿಗೆ 10,000 ವೋಲ್ಟ್ ಅಥವಾ ಇನ್ನೂ ಹೆಚ್ಚಿನ ವಿದ್ಯುತ್ತು ಕೊಟ್ಟರೆ ನಡುವಿನ ಗಾಳಿ ನೇರಳೆಯಾಗಿ ಮಿನುಗುತ್ತದೆ. ವೇಗವಾಗಿ ನುಗ್ಗುವ ಎಲೆಕ್ಟ್ರಾನುಗಳು ಗಾಳಿಯ ಆಕ್ಸಿಜನ್ನನ್ನು ಒಡೆಯುತ್ತವೆ, ಹಾಳೆಯ ಮೇಲ್ಪದರದ ಬಂಧಗಳನ್ನೂ ಕಡಿಯುತ್ತವೆ. ಕಡಿದ ಜಾಗದಲ್ಲಿ ಆಕ್ಸಿಜನ್ ಬಂದು ಕೂರುತ್ತದೆ. ಶಾಯಿಯ ಕಣಗಳನ್ನು ಸೆಳೆದು ಹಿಡಿಯುವುದು ಈ ಆಕ್ಸಿಜನ್ನೇ. ಕೆಲವು ಆಕ್ಸಿಜನ್ ಪರಮಾಣುಗಳು ಮೂರುಮೂರು ಸೇರಿ ಓಝೋನ್ ಆಗುತ್ತವೆ; ಹಳೆಯ ಜೆರಾಕ್ಸ್ ಯಂತ್ರದ ಪಕ್ಕ ನಿಂತಾಗ ಬರುತ್ತಿದ್ದ ಘಾಟು ಇದರದೇ. ಓಝೋನ್ ಶ್ವಾಸಕ್ಕೆ ಕೆಟ್ಟದ್ದು, ಹಾಗಾಗಿ ಕಾರ್ಖಾನೆಯಲ್ಲಿ ಅದನ್ನು ಕೊಳವೆಯಿಂದ ಹೀರಿ ತೆಗೆಯುತ್ತಾರೆ.

ಬದಲಾಗುವುದು ಎಷ್ಟು ಆಳ? ಸುಮಾರು 5 ನ್ಯಾನೋಮೀಟರ್ ಎನ್ನೋಣ. ಹಾಲಿನ ಪ್ಯಾಕೆಟ್ಟಿನ ಹಾಳೆ ಸುಮಾರು 50 ಮೈಕ್ರಾನ್, ಅಂದರೆ 50,000 ನ್ಯಾನೋಮೀಟರ್. ಭಾಗಿಸಿ ನೋಡಿ, ಹತ್ತು ಸಾವಿರದಲ್ಲಿ ಒಂದು ಪಾಲು. ಮಧುಗಿರಿಯ ಏಕಶಿಲಾ ಬೆಟ್ಟದಿಂದ 50 ಮೀಟರ್ ದಪ್ಪದ ಚಪ್ಪಡಿ ಸೀಳಿದರೆ, ಅದರ ಮೇಲೆ ಅರ್ಧ ಸೆಂಟಿಮೀಟರ್ ಪಾಚಿ ಬೆಳೆದಷ್ಟೇ! ಹಾಳೆಯ ಬಲ, ಬಣ್ಣ ಯಾವುದೂ ಕೆಡುವುದಿಲ್ಲ.

ಆದರೆ ಹದ ಮುಖ್ಯ. ಪ್ಯಾಕೆಟ್ಟಿನ ಒಳಮೈಯನ್ನು ಬಿಸಿಯಿಂದ ಒಂದಕ್ಕೊಂದು ಬೆಸೆಯಬೇಕು. ಕರೋನಾ ಒಳಮೈಗೂ ತಗುಲಿದರೆ ಬೆಸುಗೆ ಸಡಿಲವಾಗಿ ಹಾಲು ಸೋರಬಹುದು. ಅದಕ್ಕೇ ಸಾಮಾನ್ಯವಾಗಿ ಹೊರಮೈಗಷ್ಟೇ ಸಂಸ್ಕರಣೆ. ಅದೂ ಶಾಶ್ವತವಲ್ಲ. ಜಾರಲೆಂದು ಪ್ಲಾಸ್ಟಿಕ್ಕಿಗೆ ಬೆರೆಸಿದ ಮೇಣದಂಥ ವಸ್ತುಗಳು ದಿನ ಕಳೆದಂತೆ ಮೇಲೆ ಬಂದು ಆ ಪದರವನ್ನು ಮುಚ್ಚುತ್ತವೆ. ಹಳೆಯ ಸುರುಳಿಯಾದರೆ ಮುದ್ರಿಸುವ ಮೊದಲು ಮತ್ತೊಮ್ಮೆ ಕರೋನಾ ಕೊಡಬೇಕಾಗುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಖಾಲಿ ಹಾಲಿನ ಪ್ಯಾಕೆಟ್ ಕತ್ತರಿಸಿ, ಸೋಪು ಹಾಕಿ ತೊಳೆದು, ಸೋಪಿನಂಶ ಸ್ವಲ್ಪವೂ ಉಳಿಯದಂತೆ ಜಾಲಿಸಿ ನೆರಳಲ್ಲಿ ಒಣಗಿಸಿ. ಹೊರಮೈಯಲ್ಲಿ ಮುದ್ರಣವಿಲ್ಲದ ಜಾಗ ಹುಡುಕಿ ಒಂದು ಹನಿ ನೀರು ಬಿಡಿ, ಒಳಮೈಯ ಮೇಲೆ ಅಷ್ಟೇ ದೊಡ್ಡ ಇನ್ನೊಂದು ಹನಿ. ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿ. ಯಾವ ಹನಿ ಗುಂಡಗಿದೆ, ಯಾವುದು ಚಪ್ಪಟೆಯಾಗಿದೆ? ವ್ಯತ್ಯಾಸ ಚಿಕ್ಕದಿರಬಹುದು, ಹಳೆಯ ಪ್ಯಾಕೆಟ್ಟಿನಲ್ಲಿ ಕಾಣದೆಯೂ ಇರಬಹುದು. ಈ ವಾರದ ಪ್ಯಾಕೆಟ್ ಒಂದನ್ನು, ಎರಡು ತಿಂಗಳು ಎತ್ತಿಟ್ಟದ್ದು ಒಂದನ್ನು ಜೊತೆಗಿಟ್ಟು ಹನಿಗಳ ಚಿತ್ರ ಬರೆದುಕೊಳ್ಳಿ. ಮುಗಿದ ಮೇಲೆ ಒಂದು ಹನಿಯನ್ನು ಬಿಂದಿಗೆಯ ಮೈಮೇಲೂ ಬಿಟ್ಟು ನೋಡಿ.